ಎಲೆ ಎತ್ತಿದ ಮೇಲಿನ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಕೊಟ್ರಬಸಪ್ಪ ಮಾಸ್ತರರು ದಿನಕ್ಕೊಮ್ಮೆಯಾದರೂ ಈ ಗಾದೆ ಹೇಳದೆ ಬಿಟ್ಟವರಲ್ಲ. ಮೊದಲಿನ ಅರ್ಧವನ್ನು ಅವರ ಹೊಟ್ಟೆಯೇ ಎಷ್ಟೋ ಸಲ ಸುಳ್ಳು ಮಾಡಿತ್ತು. ಸಜ್ಜೆ ರೊಟ್ಟಿ ಒಂದು ಹೆಚ್ಚಾದರೆ ಸಾಕು, ಸಂಜೆಯವರೆಗೆ ಅಜವಾನ ಅಗಿಯುತ್ತ ಕೂರಬೇಕಾಗುತ್ತಿತ್ತು. ಎರಡನೆಯ ಅರ್ಧದ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಅದು ಅಲುಗಿದ್ದು ಹೇಗೆ ಅನ್ನುವುದೇ ಈ ಕಥೆ.

ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ತಲೆ ಬೆಳ್ಳಗಾಗುವ ತನಕ ಪಾಠ ಹೇಳಿ, ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಅವರು ಹುಟ್ಟಿದೂರು ಕೊಪ್ಪಳಕ್ಕೆ ಮರಳಿದ್ದರು. ಇತ್ತ ನಿಜಾಮರ ಸೀಮೆ. ಸಾಲೆ ತೆರೆಯಲು ಪರವಾನಗಿ ಬೇಕು, ನಾಲ್ಕು ಜನ ಕೂಡಿ ಸಭೆ ಮಾಡಲೂ ಪರವಾನಗಿ ಬೇಕು. ಬೇಸಿಗೆ ರಜೆಗೆ ಹೈದರಾಬಾದು, ಗುಲ್ಬರ್ಗಾದ ಕಾಲೇಜುಗಳಿಂದ ಬರುತ್ತಿದ್ದ ಹುಡುಗರನ್ನು ಕಂಡು ಮಾಸ್ತರರ ಕರುಳು ಚುರ್ ಎನ್ನುತ್ತಿತ್ತು. ಉರ್ದುವಿನಲ್ಲಿ ಅರ್ಜಿ ಬರೆ ಎಂದರೆ ಮುತ್ತು ಪೋಣಿಸಿದಂತೆ ಬರೆಯುವವರು, ಕನ್ನಡದಲ್ಲಿ ತಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆ ಎಂದರೆ ಬೆವರುತ್ತಿದ್ದರು. ವಾದಕ್ಕೆ ಕೂತರಂತೂ ಒಬ್ಬ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬ ಅವನ ಬಾಯಿ ಮುಚ್ಚಿಸುತ್ತಿದ್ದ. ನೋಡಿ ನೋಡಿ ಸಾಕಾಗಿ ಮಾಸ್ತರರು ತಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ಆ ಹುಡುಗರನ್ನು ಕೂರಿಸಿಕೊಂಡರು. ಇದೇನು ಸಾಲೆಯೇ ಎಂದು ಪೊಲೀಸ್ ಅಮೀನ ವಿಚಾರಿಸಲು ಬಂದಾಗ, "ಎಲ್ಲಿ ಸಾಲಿ ಸಾಹೇಬ್ರ, ಬರೇ ಹರಟಿ," ಎಂದು ಚಹಾ ಕುಡಿಸಿ ಕಳಿಸಿದರು.

ಹರಟೆಯೇನೂ ಸಸಾರವಾಗಿರಲಿಲ್ಲ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಬಿಟ್ಟು ಬೇರೇನೂ ಬರೆಯುವಂತಿಲ್ಲ. ಯಾರ ಬಾಯಿಂದ ಕೇಳಿದೆಯೋ ಅವರ ಹೆಸರು ಹಾಕಬೇಕು, ಕೇಳುವಾಗ ಅವರಿಗಿಂತ ಎತ್ತರದಲ್ಲಿ ಕೂರಬಾರದು. ಇವೆಲ್ಲ ಸರಿ. ಆದರೆ ಮಾಸ್ತರರು ತಮ್ಮದೆಂದು ಎದೆ ತಟ್ಟಿಕೊಳ್ಳುತ್ತಿದ್ದ ಪಾಠವೇ ಬೇರೆ. ಎದುರಿನವನ ಮಾತು ನಿನಗೆ ಒಪ್ಪಿಗೆಯಿಲ್ಲವೇ? ಹಾಗಾದರೆ ಮೊದಲು ಅವನ ಮಾತನ್ನೇ ನೀನು ಆಡಿ ತೋರಿಸು. ಅವನ ಮೈಯೊಳಗೆ ಹೊಕ್ಕು, 'ನಾವು' ಎಂದೇ ಆಡು. ಅವನು 'ಹೌದು, ಇದೇ ನನ್ನ ಮಾತು' ಎನ್ನಬೇಕು. ಅಲ್ಲಿಯವರೆಗೆ ನಿನ್ನ ಮಾತಿಗೆ ತುಟಿ ಪಿಟಕ್ಕೆನ್ನುವಂತಿಲ್ಲ.

ಆ ಬೇಸಿಗೆ ಬಂದವರಲ್ಲಿ ಇಬ್ಬರು ಒಂದೇ ಊರಿನವರು. ಕುಷ್ಟಗಿ ತಾಲೂಕಿನಲ್ಲಿ, ಹನುಮಸಾಗರದಿಂದ ಆಚೆ ಹಿರೇಬಾವಿಹಾಳ ಎಂಬ ಹಳ್ಳಿ. ಅಮರಪ್ಪ ಆ ಊರ ಗೌಡ ಹೇಮಪ್ಪನ ಮಗ. ಗ್ಯಾನಪ್ಪ ಅದೇ ಊರ ಹೊರಗಿನ ಕೇರಿಯವನು. ತಂದೆ ಸತ್ತ ಮೇಲೆ ತಾಯಿ ಗಾಳೆಮ್ಮ ಕೂಲಿ ಮಾಡಿ ಸಾಕಿದ್ದಳು. ಸರ್ಕಾರದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಸಿಕ್ಕು ಹೈದರಾಬಾದಿನಲ್ಲಿ ಓದುತ್ತಿದ್ದ. ಒಂದೇ ಊರಲ್ಲಿ ಹುಟ್ಟಿ ಬೆಳೆದರೂ ಇಬ್ಬರೂ ಒಂದೇ ಕಂಬಳಿಯ ಮೇಲೆ ಕೂತದ್ದು ಕೊಪ್ಪಳದ ಈ ಪಡಸಾಲೆಯಲ್ಲೇ ಮೊದಲು. ಮಾಸ್ತರರ ಹೆಂಡತಿ ಅನ್ನಮ್ಮ ಗ್ಯಾನಪ್ಪನಿಗೆ ನೀರು ಕೊಡುವ ತಂಬಿಗೆಯನ್ನು ಬೇರೆ ಗೂಡಿನಲ್ಲಿಡುತ್ತಿದ್ದರು. ಮಾಸ್ತರರು ಅದನ್ನು ನೋಡಿಯೂ ನೋಡದವರಂತಿದ್ದರು. ಹೆಂಡತಿಯೊಡನೆ ಮಾತು ಬೆಳೆಸುವುದಕ್ಕಿಂತ ಹುಡುಗರಿಗೆ ಮಾತು ಕಲಿಸುವುದು ಹಗುರವಲ್ಲವೇ?

ಚರ್ಚೆಗೆ ಅವರು ಆರಿಸಿದ್ದು ಆ ಊರಿನ ಬಾವಿಯನ್ನೇ. ಊರಿಗೆಲ್ಲ ಅದೊಂದೇ ದೊಡ್ಡ ಬಾವಿ, ಮೆಟ್ಟಿಲಿಳಿದು ತುಂಬಿಕೊಳ್ಳುವಂಥದು. ಕೇರಿಯವರು ಇಳಿಯುವಂತಿರಲಿಲ್ಲ. ಕೇರಿಯ ಹೆಂಗಸರು ಬಾವಿಕಟ್ಟೆಯ ಹೊರಗೆ ಕೊಡ ಇಟ್ಟುಕೊಂಡು ಕೂರಬೇಕು. ತುಂಬಿಕೊಂಡು ಬಂದವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿಂದ ಸುರುವುತ್ತಾರೆ. ಬಾವಿಯ ಪಡುವಣ ಮಗ್ಗುಲಲ್ಲಿ ಕುಸಿದುಬಿದ್ದ ಹಳೆಯ ಮೆಟ್ಟಿಲುಗಳಿದ್ದವು. ಆ ಕಲ್ಲು ನಾವೇ ತೆರವು ಮಾಡಿಕೊಳ್ಳುತ್ತೇವೆ, ಆ ಮಗ್ಗುಲಿಂದ ಇಳಿಯಲು ಬಿಡಿ ಎಂದು ಕೇರಿಯವರು ಕೇಳುತ್ತಲೇ ಬಂದಿದ್ದರು.

ಮೊದಲು ಅಮರಪ್ಪನ ಸರದಿ. ಕೇರಿಯ ಮಾತನ್ನು ಆತ ಆಡಬೇಕು. "ನಮಗ ನೀರು ಸಾಲವಲ್ದು, ಇನ್ನಷ್ಟು ಬೇಕು," ಎಂದ. ಗ್ಯಾನಪ್ಪ ತಲೆಯಲ್ಲಾಡಿಸಿದ. "ಅಲ್ಲ." "ನಿಮ್ಮ ಸರೀಕರಾಗಿ ಇಳೀಬೇಕನ್ನೋದು ನಮ್ಮ ಹಟ." "ಅದೂ ಅಲ್ಲ." ಅಮರಪ್ಪನಿಗೆ ಸಿಟ್ಟು ಬಂತು, ಎದ್ದು ಹೋದ. ಮರುದಿನ ಬಂದು ಕೂತವನು ನೆಲ ನೋಡುತ್ತಲೇ ಹೇಳಿದ: "ನಮ್ಮವ್ವ ಕೊಡ ಇಟ್ಕೊಂಡು ಕುಂತಿರ್ತಾಳ. ಮಂದಿ ಮನಸ್ಸು ಕರಗೋ ದಾರಿ ನೋಡಿ ನೋಡಿ ಆಕಿ ಮುದಿಕಿ ಆದಳು. ನಮಗ ನೀರು ಹೆಚ್ಚು ಬ್ಯಾಡ. ಕಾಯೋದು ಬ್ಯಾಡ."

ಗ್ಯಾನಪ್ಪ ತಲೆಯೆತ್ತಿ ಅಮರಪ್ಪನನ್ನು ನೋಡಿದ. ಆಮೇಲೆ "ಹೌದು" ಎಂದ. ಮಾಸ್ತರರ ಕಣ್ಣು ಒದ್ದೆಯಾದವು. ಇಷ್ಟು ವರ್ಷ ಪಾಠ ಹೇಳಿದ್ದು ಇವತ್ತು ಸಾರ್ಥಕವಾಯಿತು ಎಂದುಕೊಂಡರು, ಮತ್ತು ಸ್ವಲ್ಪ ಉಬ್ಬಿದರು.

ಗ್ಯಾನಪ್ಪ ಆ ಬಾವಿಯ ಹಿಂದುಮುಂದನ್ನೂ ಹುಡುಕಿ ತಂದ. ಅವನವ್ವ ಗಾಳೆಮ್ಮ ಬೀಸುವಾಗ ಹಾಡುತ್ತಿದ್ದ ಪದವೊಂದಿತ್ತು. ಬಾವಿ ತೋಡಲು ಗಾಳೆಮ್ಮನ ಅಜ್ಜ, ಕೇರಿಯ ಹೊಳಿಯಪ್ಪನನ್ನು ಹಗ್ಗ ಕಟ್ಟಿ ಇಳಿಬಿಟ್ಟರು, ಕಲ್ಲು ಒಡೆದು ಸೆಲೆ ಚಿಮ್ಮಿದಾಗ ಮೊದಲ ಬೊಗಸೆ ಕುಡಿದು "ನೀರು ಸಿಹಿ ಐತ್ರೋ" ಎಂದು ಮೇಲಕ್ಕೆ ಕೂಗಿ ಹೇಳಿದವನು ಅವನೇ, ಎಂದು ಪದ ಹೇಳುತ್ತಿತ್ತು. ಗ್ಯಾನಪ್ಪ ಹಾಡನ್ನೇ ನಂಬಿ ಕೂರಲಿಲ್ಲ. ಅಮರಪ್ಪನನ್ನು ಅವನ ಅಜ್ಜಿ ಕಳಕಮ್ಮನ ಬಳಿಗೆ ಕಳಿಸಿದ. ಆ ಮುದುಕಿ, "ನಮ್ಮತ್ತಿನೂ ಹಂಗ ಹೇಳತಿದ್ದಳು," ಎಂದಳಂತೆ. ಊರಿನ ಬಾವಿಯ ನೀರಿಗೆ ಮೊದಲು ತಾಗಿದ ತುಟಿ ಕೇರಿಯದು. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

"ಇದನ್ನ ಚಾವಡಿಯೊಳಗ ಹೇಳಬೇಕು ತಮ್ಮಾ," ಎಂದರು ಮಾಸ್ತರರು. "ನಾ ಬರ್ತೀನಿ. ಗೌಡರ ಮಾತು ಮೊದಲ ನೀ ಆಡು. ಅವರು ಹೌದು ಅಂದ ಮ್ಯಾಲೆ ಈ ಹೊಳಿಯಪ್ಪನ ಮಾತು ತಗಿ. ಹೌದು ಅಂದ ಬಾಯಿಗೆ ಆಮ್ಯಾಲೆ ಇಲ್ಲ ಅನ್ನೋದು ಕಷ್ಟ."

ಗ್ಯಾನಪ್ಪ ತಡವರಿಸಿದ. "ಮಾಸ್ತರ್ರ, ಇಲ್ಲಿ ನಾವು ನಾವ ಇದ್ದಿವಿ. ಅಲ್ಲಿ ನಮ್ಮ ಕೇರಿ ಮಂದಿ ನಿಂತಿರ್ತಾರ. ನಮ್ಮವ್ವ ಇರ್ತಾಳ. ಗೌಡರ ಮಾತು ನನ್ನ ಬಾಯಾಗ ಕೇಳಿದ್ರ..."

"ಎರಡನೇ ಅರ್ಧಾನೂ ಕೇಳತಾರಲ್ಲ? ಮಾತು ಬಲ್ಲವನಿಗೆ ಜಗಳಿಲ್ಲೋ ತಮ್ಮಾ."

ಗುರು ಹೇಳಿದ ಮೇಲೆ ಹುಡುಗ ಒಪ್ಪಿಕೊಂಡ. ಅವನು ಅರ್ಧಕ್ಕೆ ಬಿಟ್ಟ ಮಾತೇ ನಿಜವಾದ ಪ್ರಶ್ನೆಯಾಗಿತ್ತು, ಅದು ಮಾಸ್ತರರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹಿರೇಬಾವಿಹಾಳದ ಚಾವಡಿ ಹನುಮಪ್ಪನ ಗುಡಿಯ ಎದುರು. ಸೂರ್ಯ ಇಳಿಯುವ ಹೊತ್ತಿಗೆ ಹಿರಿಯರೆಲ್ಲ ಮೇಲೆ ಜಮಖಾನದ ಮೇಲೆ ಕೂತರು. ಕೆಳಗೆ, ಬೇವಿನ ಮರದ ಆಚೆ, ಕೇರಿಯವರು ನಿಂತರು. ಗಾಳೆಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಸೊಂಟದಲ್ಲಿ ಬರಿಗೊಡ. ಬಾವಿಯ ಹತ್ತಿರ ಕಾದು ಕಾದು, ಹೊತ್ತಾಯಿತೆಂದು ಹಾಗೆಯೇ ಬಂದಿದ್ದಳು. ತನ್ನ ಮಗ ಮಾತಾಡುತ್ತಾನೆಂದು ಕೇರಿಗೆಲ್ಲ ಹೇಳಿ ಎಲ್ಲರನ್ನೂ ಕರೆತಂದವಳೂ ಅವಳೇ.

ಹೇಮಪ್ಪಗೌಡ ಒರಟ ಮನುಷ್ಯನಲ್ಲ. ಮಾಸ್ತರರ ಕಾಲಿಗೆ ನೀರು ಕೊಡಿಸಿ, ಲೋಡಿಗೆ ಒರಗಿಸಿ ಕೂರಿಸಿದ. ಅವನ ಮಗ್ಗುಲಲ್ಲಿ ಹಿತ್ತಾಳೆಯ ಎಲೆ ಅಡಿಕೆ ತಬಕು. ಚಾವಡಿಯ ಪದ್ಧತಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ತಬಕು ಎತ್ತುವ ತನಕ ಯಾರು ಬೇಕಾದರೂ ಮಾತಾಡಬಹುದು. ಮಾತು ಮುಗಿಯಿತು ಎನಿಸಿದಾಗ ಗೌಡ ತಬಕನ್ನು ಮಾನದ ಅತಿಥಿಯ ಮುಂದೆ ಹಿಡಿಯುತ್ತಾನೆ. ಅತಿಥಿ ಎಲೆ ಎತ್ತಿದನೆಂದರೆ ಸಭೆ ಬರಖಾಸ್ತು. ಆಮೇಲೆ ಮಾತು ತೆಗೆದವನು ಹತ್ತೂ ಜನರ ಮುಖಕ್ಕೆ ಉಗುಳಿದ ಹಾಗೆ.

"ಏನಲೇ ಗ್ಯಾನ್ಯಾ, ಏನೋ ಹೇಳೋದೈತಂತಲ್ಲ, ಹೇಳು," ಎಂದ ಗೌಡ.

ಗ್ಯಾನಪ್ಪ ಮರದ ಕೆಳಗಿನಿಂದ ಎರಡು ಹೆಜ್ಜೆ ಮುಂದೆ ಬಂದ. ಕೈಮುಗಿದು ಶುರುಮಾಡಿದ. "ಮೊದಲ ನಿಮ್ಮ ಮಾತು ನಾ ಹೇಳತೀನ್ರಿ ಗೌಡ್ರ, ತಪ್ಪಿದ್ರ ತಿದ್ರಿ." ಆಮೇಲೆ, ಕಲಿಸಿದಂತೆಯೇ, ಅವರ ಮೈಯೊಳಗೆ ಹೊಕ್ಕ. "ಈ ಬಾವಿ ನಮ್ಮ ಹಿರಿಯರು ಕಟ್ಟಿಸ್ಯಾರ. ಇದರ ನೀರು ದಿನಾ ಹನುಮಪ್ಪನ ಮೈಮ್ಯಾಲೆ ಬೀಳತೈತಿ. ನಾವು ಕೇರಿಯವರಿಗೆ ನೀರು ಇಲ್ಲ ಅಂದಿಲ್ಲ, ಇವತ್ತಿಗೂ ಸುರುವಾಕತ್ತೀವಿ. ನಮ್ಮ ಊರಾಗ ಕೇರಿಯವರು ನೀರಿಲ್ಲದ ಸತ್ತಾರಂತ ಯಾರೂ ಹೇಳಂಗಿಲ್ಲ. ಇವತ್ತು ಬಿದ್ದ ಮೆಟ್ಟಲ ಕೇಳತಾರ, ನಾಳೆ ಗುಡಿ ಬಾಗಲ ಕೇಳತಾರ. ಹಿರಿಯರು ಹಾಕಿದ ಗೆರಿ ನಾವು ದಾಟಿ, ಊರಿಗೆ ಬ್ಯಾನಿ ಬಂದು ಕೂಸು ಕುನ್ನಿ ಸತ್ತರ ಅದರ ಪಾಪ ಯಾರು ಹೊರಬೇಕು? ನಮಗ ಕೇರಿ ಮ್ಯಾಲೆ ಸಿಟ್ಟಿಲ್ಲ. ನಮಗ ಅಂಜಿಕಿ ಐತಿ."

ಕೊನೆಯ ಮಾತಿಗೆ ಹಿರಿಯರಲ್ಲಿ ಒಬ್ಬಿಬ್ಬರು ತಲೆಯೆತ್ತಿ ನೋಡಿದರು. ತಮ್ಮೊಳಗಿದ್ದದ್ದನ್ನು ತಾವೇ ಇಷ್ಟು ನೆಟ್ಟಗೆ ಎಂದೂ ಹೇಳಿಕೊಂಡವರಲ್ಲ. ಮಾಸ್ತರರ ಎದೆ ಹಿಗ್ಗಿತು. ಎಂಥ ಹುಡುಗ, ಎಂಥ ಮಾತು! ಅವರ ಕಣ್ಣು ಗೌಡನ ಮುಖದ ಮೇಲೇ ಇತ್ತು, ಬೇವಿನ ಮರದ ಆಚೆಗೆ ಒಮ್ಮೆಯೂ ಹೋಗಲಿಲ್ಲ.

"ಇದು ನಿಮ್ಮ ಮಾತು. ಹೌದಲ್ರಿ ಗೌಡ್ರ?" ಎಂದ ಗ್ಯಾನಪ್ಪ.

"ಹೌದು," ಎಂದ ಹೇಮಪ್ಪಗೌಡ. "ಒಂದು ಅಕ್ಷರ ಹೆಚ್ಚು ಕಮ್ಮಿ ಇಲ್ಲ. ನಾವ ಹೇಳಿದ್ರೂ ಇಷ್ಟು ಛಲೋ ಬರತಿರಲಿಲ್ಲ." ಕೇರಿಯವರ ಕಡೆ ತಿರುಗಿದ. "ಕೇಳಿದ್ರೆಲ್ಲೋ? ನಿಮ್ಮವನ, ಕಲಿತವನ, ಪಟ್ಟಣ ನೋಡಿದವನ ಬಾಯಿಂದ ಬಂದ ಮಾತು. ಗ್ಯಾನಪ್ಪ ಖರೇ ಹೇಳ್ಯಾನ." ಗ್ಯಾನ್ಯಾ ಎನಿಸಿಕೊಂಡವನು ಅರ್ಧ ತಾಸಿನಲ್ಲಿ ಗ್ಯಾನಪ್ಪನಾಗಿದ್ದ. ಗೌಡ ಅದೇ ಓಘದಲ್ಲಿ ತಬಕು ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಮಾಸ್ತರರ ಮುಂದೆ ಚಾಚಿದ. "ಇಂಥಾ ಶಿಷ್ಯನ್ನ ತಯಾರು ಮಾಡೀರಿ. ತಗೋರಿ ಮಾಸ್ತರ್ರ."

ದೊಡ್ಡವರು ಎರಡು ಕೈಯಲ್ಲಿ ಮಾನ ಕೊಟ್ಟಾಗ ಎರಡು ಕೈಯಲ್ಲಿ ಸ್ವೀಕರಿಸಬೇಕೆಂದು ಕೊಟ್ರಬಸಪ್ಪನವರಿಗೆ ಅವರವ್ವ ಕಲಿಸಿದ್ದಳು. ಹೊಗಳಿಕೆಯೂ ಕಿವಿಯಲ್ಲಿ ಬಿಸಿಯಾಗಿಯೇ ಇತ್ತು. ಕೈ ತಾನಾಗಿ ಮುಂದೆ ಹೋಯಿತು. ಎಲೆ ಎತ್ತಿಕೊಂಡರು.

"ಆದರ ಗೌಡ್ರ..." ಎಂದು ಗ್ಯಾನಪ್ಪ ಬಾಯಿ ತೆರೆದಿದ್ದ. ಮಾಸ್ತರರ ಕೈಯಲ್ಲಿದ್ದ ಎಲೆ ಅವನ ಕಣ್ಣಿಗೆ ಬಿತ್ತು.

"ಎಲಿ ಎತ್ತ್ಯಾರಲ್ಲೋ," ಎಂದರು ಯಾರೋ.

ಮಾಸ್ತರರು ಲೋಡು ಬಿಟ್ಟು ನೆಟ್ಟಗೆ ಕೂತರು. "ಗೌಡ್ರ, ಹುಡುಗನ ಮಾತು ಇನ್ನೂ ಅರ್ಧ ಐತ್ರಿ, ಅದ..."

"ನೀವ ಎತ್ತೀರಿ ಮಾಸ್ತರ್ರ," ಎಂದ ಗೌಡ ನಗುನಗುತ್ತಲೇ, ಶಲ್ಯ ಕೊಡವಿ ಎದ್ದ. ಅವನ ಬೆನ್ನ ಹಿಂದೆ ಅಮರಪ್ಪ ಕೂತಿದ್ದ. "ಅಪ್ಪಾ" ಎಂದ, ಅಪ್ಪ ತಿರುಗಿ ನೋಡಿದ, ಮಗ ಕಲಿತ ಪಾಠವನ್ನೆಲ್ಲ ಬಿಟ್ಟು ತಬಕು ಎತ್ತಿಕೊಂಡು ಅವನ ಹಿಂದೆ ನಡೆದ.

ಆಗ ಮಾಸ್ತರರು ಬೇವಿನ ಮರದ ಆಚೆ ನೋಡಿದರು. ಕೇರಿಯವರು ಹೊರಟುಹೋಗಿದ್ದರು. ಗಾಳೆಮ್ಮ ಒಬ್ಬಳೇ ಇನ್ನೂ ಮಗನನ್ನು ನೋಡುತ್ತ ನಿಂತಿದ್ದಳು. ಬಳಿಕ ಕೊಡವನ್ನು ಸೊಂಟ ಬದಲಿಸಿ ಇಟ್ಟುಕೊಂಡು ಅವಳೂ ಹೋದಳು.

ಆ ರಾತ್ರಿ ಗೌಡನ ಮನೆಯಲ್ಲಿ ಮಾಸ್ತರರಿಗೆ ಹೋಳಿಗೆ ಊಟ. ಅವರು ಅತ್ತ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದಾರಿ ಕೇಳಿಕೊಂಡು ಕೇರಿಗೆ ಹೋದರು. ಹುಟ್ಟಿದ ಮೇಲೆ ಯಾವ ಊರಿನ ಕೇರಿಗೂ ಕಾಲಿಟ್ಟವರಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಗಿ ನಾಚಿಕೆಯಾಯಿತು. ಗಾಳೆಮ್ಮ ಗುಡಿಸಲ ಬಾಗಿಲಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಬೀಸುತ್ತಿದ್ದಳು, ಹಾಡುತ್ತಿರಲಿಲ್ಲ. ಗ್ಯಾನಪ್ಪ ಅಂಗಳದಲ್ಲಿ ನಿಂತಿದ್ದ, ಅತ್ತು ಅವನ ಮುಖ ಬಾತಿತ್ತು.

"ಯವ್ವಾ, ಅದು ನನ್ನ ಮಾತಲ್ಲ. ಹೊಳಿಯಪ್ಪಜ್ಜನ ಮಾತು ಮುಂದ ಹೇಳಾವ ಇದ್ದೆ."

"ಹೊತ್ತಾತ್ರಿ," ಎಂದಳು ಗಾಳೆಮ್ಮ ಮಗನಿಗೆ. "ಊರಾಗ ನಿಮ್ಮವರು ಊಟಕ್ಕ ಕಾಯತಿರತಾರ. ಹೋಗ್ರಿ."

ಹೆತ್ತ ಮಗನಿಗೆ ಅವಳು ಗೌಡರ ಮನೆಯವರಿಗೆ ಕೊಡುವ ಮರ್ಯಾದೆ ಕೊಟ್ಟಿದ್ದಳು. ಕೇಳಿದ ಮಾಸ್ತರರಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಮರ್ಯಾದೆಯ ಮಾತು ಕಲಿಸಿದವರಿಗೆ, ಮರ್ಯಾದೆ ಹೀಗೂ ಕೊಯ್ಯುತ್ತದೆಂದು ಗೊತ್ತಿರಲಿಲ್ಲ.

ಅವರು ಅಂಗಳದ ಮಣ್ಣಿನಲ್ಲೇ ಕೂತರು. "ತಂಗೀ, ತಪ್ಪು ಅವನದಲ್ಲ. ಕಲಿಸಿದ್ದು ನಾನು, ಎಲಿ ಎತ್ತಿದ್ದೂ ನಾನು." ಕಲ್ಲು ತಿರುಗುತ್ತಲೇ ಇತ್ತು. ಬೇರೆ ದಾರಿ ತೋಚದೆ ಅವರು ತಮ್ಮ ಹಳೆಯ ಪಾಠವನ್ನೇ ಹಿಡಿದರು. "ನಿನ್ನ ಮಾತು ನಾ ಹೇಳತೀನಿ, ಸರಿ ಐತೇನು ನೋಡು. ಕೇರಿ ಮುಂದ ನಿನ್ನ ಮಾನ ಹೋತು. ಹೌದಲ್ಲ?"

"ಅಲ್ರಿ ಯಪ್ಪಾ."

"ಮೆಟ್ಟಲ ಸಿಗಲಿಲ್ಲಂತ ಸಂಕಟ."

"ಅಲ್ರಿ." ಗಾಳೆಮ್ಮ ಕಲ್ಲು ನಿಲ್ಲಿಸಿದಳು. ದನಿ ಏರಿಸಲಿಲ್ಲ. "ಅವರ ಮಾತು ಇವಗ ಕಲಸಾಕ ಕೊಪ್ಪಳಕ್ಕ ಕರಿಯೋದು ಬೇಕಾಗಿರಲಿಲ್ರಿ. ಅದು ನಮಗ ಹುಟ್ಟಿದಾಗಿಂದ ಬಾಯಿಪಾಠ. ಕೊಡ ಇಟ್ಕೊಂಡು ಕುಂತಾಗ ದಿನಾ ಕೇಳತೀವಿ. ನನ್ನ ಮಾತು ಯಾರೂ ಒಮ್ಮಿನೂ ಆಡಿಲ್ಲ. ಅದಕ್ಕಂತ ಇವನ್ನ ಓದಾಕ ಕಳಸಿದ್ದೆ." ಮತ್ತೆ ಕಲ್ಲು ತಿರುಗಿಸಿದಳು.

ಮಾಸ್ತರರು ಗುಡಿಯ ಕಟ್ಟೆಯ ಮೇಲೆ ಮಲಗಿದರು, ನಿದ್ದೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡದೆ ಉಳಿದ ಮಾತಿಗೂ ಒಂದು ಗಾದೆ ಇರಬೇಕಿತ್ತು ಎನಿಸಿತು. ಪಡಸಾಲೆಯಲ್ಲಿ ಇಬ್ಬರೂ ಒಂದೇ ಕಂಬಳಿಯ ಮೇಲೆ ಕೂತು ಆಡುವಾಗ ತಮ್ಮ ಪಾಠ ಸರಿಯಾಗಿತ್ತು. ಒಬ್ಬ ಜಮಖಾನದ ಮೇಲೆ, ಇನ್ನೊಬ್ಬ ಬೇವಿನ ಮರದ ಕೆಳಗೆ ಇರುವಾಗ, ಮೇಲಿನವನ ಮಾತಿಗೇ ಮೊದಲ ಮಣೆ ಹಾಕಿಕೊಟ್ಟಿದ್ದು ತಾವು. ಮನೆಯ ಗೂಡಿನಲ್ಲಿ ಬೇರೆ ಇಟ್ಟ ತಂಬಿಗೆಯೂ ನೆನಪಿಗೆ ಬಂತು. ಅದಕ್ಕೆ ಯಾವ ಗೌಡನ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

ಬೆಳಗಾಗುತ್ತಲೇ ಬಾವಿಗೆ ಹೋದರು. ಕೇರಿಯ ಹೆಂಗಸರು ಆಗಲೇ ಕಟ್ಟೆಯ ಹೊರಗೆ ಕೊಡ ಇಟ್ಟು ಕೂತಿದ್ದರು. ಅವರ ನಡುವೆ, ಅವ್ವನ ಪಕ್ಕದಲ್ಲಿ, ಕಾಲೇಜಿನ ಅಂಗಿ ತೊಟ್ಟ ಗ್ಯಾನಪ್ಪನೂ ಒಂದು ಕೊಡ ಇಟ್ಟುಕೊಂಡು ಕೂತಿದ್ದ. ಅವ್ವ ಅವನ ಕಡೆ ನೋಡುತ್ತಿರಲಿಲ್ಲ. ಹೇಮಪ್ಪಗೌಡ ಸ್ನಾನ ಮುಗಿಸಿ ದೇವರ ಬಿಂದಿಗೆ ಹಿಡಿದು ಮೆಟ್ಟಿಲೇರಿ ಬಂದ.

ಮಾಸ್ತರರು ಅವನಿಗೆ ಅಡ್ಡ ನಿಂತು ಕೈ ಚಾಚಿದರು. ಅಂಗೈಯಲ್ಲಿ ನಿನ್ನೆಯ ಎಲೆ. ಅದನ್ನು ಅವರು ಬಾಯಿಗೆ ಹಾಕಿಕೊಂಡಿರಲಿಲ್ಲ. "ಗೌಡ್ರ, ಇದನ್ನ ವಾಪಸ್ ತಗೋರಿ. ಮಾತು ಮುಗಿದಿಲ್ಲ."

ಎತ್ತಿದ ಎಲೆ ಹಿಂದಿರುಗಿಸಿದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಗೌಡನ ಮುಖದ ನಗೆ ಇಂಗಿತು. "ವಯಸ್ಸಿಗೆ ಮರ್ಯಾದಿ ಕೊಟ್ಟು ಸುಮ್ಮನದೀನಿ ಮಾಸ್ತರ್ರ. ಬಾಡಿದ ಎಲಿ ತಬಕಿಗೆ ತಿರುಗಿ ಹೋಗಂಗಿಲ್ಲ. ಇನ್ನ ನಮ್ಮೂರ ಚಾವಡಿಗೆ ನೀವೂ ಬರೋದು ಬ್ಯಾಡ," ಎಂದು ಅವರನ್ನು ಬಳಸಿಕೊಂಡು ನಡೆದ. ನಾಲ್ಕು ಹೆಜ್ಜೆ ಹೋಗಿರಬಹುದು.

"ನನ್ನ ಹೆಸರು ಗಾಳೆವ್ವ," ಎಂದಿತು ಒಂದು ಗಂಡು ದನಿ.

ಗ್ಯಾನಪ್ಪ ಎದ್ದು ನಿಂತಿದ್ದ. ಗೌಡನ ಕಡೆಗಲ್ಲ, ಅವ್ವನ ಕಡೆಗೆ ಮುಖ ಮಾಡಿದ್ದ. "ನಾ ಈ ಕಟ್ಟಿ ಹೊರಗ ಕುಂತು ಕೂದಲ ಬೆಳ್ಳಗ ಮಾಡ್ಕೊಂಡೀನಿ. ನನ್ನ ಮುತ್ತ್ಯಾ ಹೊಳಿಯಪ್ಪ ಇದರಾಗ ಇಳದು ಕಲ್ಲು ಒಡದ. ಈ ನೀರು ಮೊದಲ ಕುಡಿದಾವ ಅವ. ಅವ ಸಿಹಿ ಐತಿ ಅಂದ ಮ್ಯಾಲೆ ಊರು ಕುಡೀತು. ಅವನ ಮೊಮ್ಮಗಳು ನಾನು, ಮಂದಿ ಸುರುವಿದ ನೀರು ಕುಡೀತೀನಿ. ಸುರುವೋವಾಗ ಅರ್ಧ ನೆಲಕ್ಕ ಬೀಳತೈತಿ. ಬಿದ್ದದ್ದನ್ನ ನೋಡತೀನಿ, ಮತ್ತ ಕೇಳಾಕ ಬಾಯಿ ಬರಂಗಿಲ್ಲ."

ಮೆಟ್ಟಿಲ ಮೇಲಿದ್ದ ಊರಿನ ಹೆಂಗಸೊಬ್ಬಳು ತುಂಬಿದ ಕೊಡ ಹಿಡಿದು ಅಲ್ಲೇ ನಿಂತಳು. ಗೌಡ ತಿರುಗಲಿಲ್ಲ, ಆದರೆ ಅವನ ಕಾಲೂ ಮುಂದೆ ಹೋಗಲಿಲ್ಲ.

ಗ್ಯಾನಪ್ಪ ಉಸಿರು ತೆಗೆದುಕೊಂಡು ಕೇಳಿದ. "ಇದು ನಿನ್ನ ಮಾತು. ಹೌದಲ್ಲೇನವ್ವ?"

ಮಾಸ್ತರರು ಬಾಡಿದ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಕಾದರು. ಒಂದು 'ಹೌದು'ಗಾಗಿ ಅವರು ಜೀವಮಾನದಲ್ಲಿ ಹೀಗೆ ಕಾದಿರಲಿಲ್ಲ. ಗಾಳೆಮ್ಮ ಕೊಡದ ಬಾಯಿಯ ಮೇಲೆ ಕೈಯಿಟ್ಟುಕೊಂಡು, ನಿನ್ನೆಯಿಂದ ಮೊದಲ ಸಲ ಮಗನ ಮುಖ ನೋಡಿದಳು.

"ಇನ್ನೂ ಐತಿ," ಎಂದಳು. "ಹೇಳು."